ಮೊದಲ ಸೈಕ್ಲೋಕ್ರಾಸ್ ರೇಸನ್ನು ಪೂರ್ತಿ ಮುಗಿಸುವುದು ಹೇಗೆ: ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಕೆಲಸದ ನಿಮಿತ್ತ ಬ್ರಿಟನ್ನಿಗೆ ಬಂದು ನೆಲೆಸಿದ ಸೈಕಲ್ ಗೆಳೆಯರಲ್ಲಿ ಪ್ರತಿ ಸೆಪ್ಟೆಂಬರಿನಲ್ಲೂ ಮೂರು ನಾಲ್ಕು ಮಂದಿ ಸೈಕ್ಲೋಕ್ರಾಸ್ ರೇಸಿಗೆ ಹೆಸರು ಕೊಡುತ್ತಾರೆ. ಅವರಲ್ಲಿ ಹೆಚ್ಚಿನವರು ಎರಡನೆಯ ಸುತ್ತಿನಲ್ಲೋ ಮೂರನೆಯ ಸುತ್ತಿನಲ್ಲೋ ಸೈಕಲ್ಲನ್ನು ತಳ್ಳಿಕೊಂಡು ಹೊರಬಂದು, ಇದು ತಮಗೆ ಒಗ್ಗುವ ಆಟವಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಅವರ ಕಾಲಿನಲ್ಲಿ ಬಲವಿಲ್ಲವೆಂದಲ್ಲ. ಊರಿನಲ್ಲಿದ್ದಾಗ ವಾರಕ್ಕೊಮ್ಮೆ ನಂದಿ ಬೆಟ್ಟ ಹತ್ತುತ್ತಿದ್ದವರೂ ಹೀಗೆಯೇ ಸೋತದ್ದನ್ನು ನೋಡಿದ್ದೇನೆ. ತಪ್ಪಿರುವುದು ತಯಾರಿಯ ಕ್ರಮದಲ್ಲಿ: ಮೊದಲು ದುಬಾರಿ ಸೈಕಲ್ ಕೊಳ್ಳುತ್ತಾರೆ, ಆಮೇಲೆ ಡಾಂಬರು ರಸ್ತೆಯಲ್ಲಿ ದೂರದೂರ ಓಡಿಸುತ್ತಾರೆ, ಟಯರಿನ ಗಾಳಿಯ ಹದವನ್ನೂ ಓಡುತ್ತ ಇಳಿದು ಹತ್ತುವ ಅಭ್ಯಾಸವನ್ನೂ ರೇಸಿನ ದಿನದವರೆಗೆ ಮುಟ್ಟುವುದೇ ಇಲ್ಲ. ಇಲ್ಲಿ ಹೇಳಿರುವ ಕ್ರಮ ಅದಕ್ಕೆ ತದ್ವಿರುದ್ಧವಾದದ್ದು. ಎಂಟು ವಾರ ಕೈಯಲ್ಲಿಟ್ಟುಕೊಂಡು ಆರಂಭಿಸಿದರೆ ಸಾಕು.

ಆಟದ ಸ್ವರೂಪ ತಿಳಿಯದವರಿಗಾಗಿ ಇಷ್ಟು. ಉದ್ಯಾನ, ಶಾಲೆಯ ಮೈದಾನ ಅಥವಾ ಹೊಲಗದ್ದೆಗಳ ಅಂಚಿನಲ್ಲಿ ಪಟ್ಟಿ ಕಟ್ಟಿ ಗುರುತಿಸಿದ ಹಾದಿಯನ್ನು ಸುತ್ತು ಸುತ್ತಾಗಿ ಓಡಿಸಬೇಕು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಒಂದು ಸುತ್ತು 2.5ರಿಂದ 3.5 ಕಿ.ಮೀ. ಇರುತ್ತದೆ, ಹುಲ್ಲು, ಕೆಸರು, ಕೆಲವೆಡೆ ಮರಳು, ಸೈಕಲ್ ಹೊತ್ತು ಓಡಬೇಕಾದ ಕಡಿದಾದ ಏರು, ಹಾರಿ ದಾಟಬೇಕಾದ ಹಲಗೆಗಳು ಅದರಲ್ಲಿರುತ್ತವೆ. ರೇಸು ದೂರದ ಲೆಕ್ಕದಲ್ಲಿ ನಡೆಯದೆ ಸಮಯದ ಲೆಕ್ಕದಲ್ಲಿ ನಡೆಯುತ್ತದೆ. ಬ್ರಿಟನ್ನಿನ ಪ್ರಾದೇಶಿಕ ಲೀಗುಗಳಲ್ಲಿ ವರ್ಗಕ್ಕೆ ತಕ್ಕಂತೆ ಅದು ಸಾಮಾನ್ಯವಾಗಿ 40 ನಿಮಿಷದಿಂದ ಒಂದು ಗಂಟೆಯವರೆಗೆ ಇರುತ್ತದೆ.

ಮೊದಲು ಒದಗಿಸಿಕೊಳ್ಳಬೇಕಾದ ಸಾಮಾನು

ಪಟ್ಟಿ ದೊಡ್ಡದಲ್ಲ. ದಪ್ಪ ಗಟ್ಟುಗಳಿರುವ ಟಯರು ಹಾಕಬಹುದಾದ ಯಾವುದಾದರೂ ಸೈಕಲ್, ಹೆಲ್ಮೆಟ್, ಬೆರಳು ಮುಚ್ಚುವ ಕೈಗವಸು, ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವ ಡಿಜಿಟಲ್ ಗಾಳಿಮಾಪಕ, ನಿಮ್ಮ ಸೈಕಲ್ಲಿನ ಚೌಕಟ್ಟಿಗೇ ಹೊಂದುವ ಒಂದು ಹೆಚ್ಚುವರಿ ಡಿರೇಲರ್ ಹ್ಯಾಂಗರ್, ಅಂದರೆ ಹಿಂದಿನ ಗೇರು ಯಂತ್ರ ನೇತುಬೀಳುವ ಆ ಸಣ್ಣ ಲೋಹದ ತುಂಡು, ಅಲೆನ್ ಕೀ ಗೊಂಚಲು, ಒಂದು ಬಕೆಟ್ಟು, ಎರಡು ಬ್ರಷ್ಷು, ಹತ್ತಾರು ಸೇಫ್ಟಿ ಪಿನ್ನು, ಒದ್ದೆ ಬಟ್ಟೆ ತುಂಬಲು ದೊಡ್ಡ ಪ್ಲಾಸ್ಟಿಕ್ ಚೀಲ. ಇವುಗಳಲ್ಲಿ ಹೊಸಬರು ಕೊಳ್ಳದೆ ಬಿಡುವುದು ಮಾಪಕ ಮತ್ತು ಹ್ಯಾಂಗರ್. ಮೊದಲ ಋತುವನ್ನು ಹಾಳು ಮಾಡುವುದೂ ಈ ಎರಡರ ಕೊರತೆಯೇ.

ಹಂತ 1: ರೇಸನ್ನೂ ವರ್ಗವನ್ನೂ ಆರಿಸಿ, ಬೇಗ ಹೆಸರು ಕೊಡಿ

ದಿನಾಂಕ ಗೊತ್ತಾಗದೆ ಯಾರೂ ಶಿಸ್ತಿನಿಂದ ತಯಾರಿ ನಡೆಸುವುದಿಲ್ಲ. ಆದ್ದರಿಂದ ಇದೇ ಮೊದಲ ಹಂತ. ಬ್ರಿಟನ್ನಿನಲ್ಲಿ ಋತು ಸೆಪ್ಟೆಂಬರಿನಲ್ಲಿ ಆರಂಭವಾಗಿ ಜನವರಿ, ಫೆಬ್ರವರಿಯವರೆಗೆ ನಡೆಯುತ್ತದೆ, ಮತ್ತು ಬಹುತೇಕ ರೇಸುಗಳು ಭಾನುವಾರವೇ ಇರುತ್ತವೆ. ಬ್ರಿಟಿಷ್ ಸೈಕ್ಲಿಂಗ್ ಸಂಸ್ಥೆಯ ಅಂತರ್ಜಾಲ ಪುಟದಲ್ಲಿ ನಿಮ್ಮ ಪ್ರದೇಶದ ಲೀಗನ್ನು ಹುಡುಕಿ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲಿನ ಒಂದು ರೇಸನ್ನು ಆರಿಸಿಕೊಳ್ಳಿ. ಆಗ ನೆಲ ಇನ್ನೂ ಗಟ್ಟಿಯಿರುತ್ತದೆ, ಚಳಿ ಕೈಕಚ್ಚುವಷ್ಟಿರುವುದಿಲ್ಲ. ಡಿಸೆಂಬರಿನ ಕೆಸರಿನಲ್ಲಿ ಮೊದಲ ಪಾಠ ಕಲಿಯಲು ಹೋಗುವುದು ಈಜು ಬಾರದವನು ಮಳೆಗಾಲದ ಹೊಳೆಗೆ ಇಳಿದಂತೆ. ಹಾಗೆಯೇ ‘ತ್ರೀ ಪೀಕ್ಸ್’ ಎಂಬ ಯಾರ್ಕ್‌ಷೈರಿನ ಪ್ರಸಿದ್ಧ ರೇಸಿನ ಹೆಸರು ಕೇಳಿ ಮರುಳಾಗಬೇಡಿ. ಮೂರು ಬೆಟ್ಟಗಳನ್ನು ಹತ್ತಿಳಿಯುವ ಆ ಸುಮಾರು 61 ಕಿ.ಮೀ. ಹಾದಿ ಬೇರೆಯದೇ ಆಟ.

ವರ್ಗದ ವಿಷಯದಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಋತು ಎರಡು ವರ್ಷಗಳಿಗೆ ಹಂಚಿಹೋಗಿರುವುದರಿಂದ ವಯಸ್ಸನ್ನು ಮುಂದಿನ ವರ್ಷದ ಲೆಕ್ಕದಲ್ಲಿ ಹಿಡಿಯುತ್ತಾರೆ. ಮುಂದಿನ ವರ್ಷದೊಳಗೆ ನಿಮಗೆ 40 ತುಂಬುವುದಾದರೆ ಈ ಶರತ್ಕಾಲದಲ್ಲೇ ನೀವು ವೆಟರನ್ ವರ್ಗಕ್ಕೆ ಸೇರುತ್ತೀರಿ. ಆ ವರ್ಗದ ರೇಸು ಸೀನಿಯರ್ ಪುರುಷರ ರೇಸಿಗಿಂತ ಚಿಕ್ಕದಿರುವುದುಂಟು, ಆದರೆ ಸುಲಭವೆಂದು ಭಾವಿಸಬೇಡಿ. ನರೆತ ಕೂದಲಿನ ಆ ಹಿರಿಯರು ಹೊಸಬರನ್ನು ನಿರ್ದಾಕ್ಷಿಣ್ಯವಾಗಿ ಒಂದು ಸುತ್ತು ಹಿಂದಿಕ್ಕುತ್ತಾರೆ.

ಸ್ಥಳದಲ್ಲೇ ಹೆಸರು ಕೊಡುವ ಅವಕಾಶ ಎಲ್ಲ ಕಡೆ ಇರುವುದಿಲ್ಲ. ಅನೇಕ ರೇಸುಗಳಲ್ಲಿ ಹಿಂದಿನ ವಾರದ ನಡುವೆಯೇ ಪ್ರವೇಶ ಮುಚ್ಚುತ್ತದೆ, ಆದ್ದರಿಂದ ದಿನಾಂಕ ನೋಡಿದ ದಿನವೇ ಹಣ ಕಟ್ಟಿಬಿಡಿ.

ಹಂತ 2: ಇರುವ ಸೈಕಲ್ಲನ್ನು ಪರೀಕ್ಷಿಸಿ, ಹೊಸದನ್ನು ಮುಂದೂಡಿ

ಅಂತರರಾಷ್ಟ್ರೀಯ ರೇಸುಗಳಲ್ಲಿ ಟಯರಿನ ಅಗಲ 33 ಮಿ.ಮೀ. ಮೀರುವಂತಿಲ್ಲ ಎಂಬ ನಿಯಮವನ್ನು ಓದಿ ಅನೇಕರು ಗಾಬರಿಯಾಗುತ್ತಾರೆ. ಪ್ರಾದೇಶಿಕ ಲೀಗುಗಳ ಸಾಮಾನ್ಯ ರೇಸುಗಳಲ್ಲಿ ಜಲ್ಲಿ ಹಾದಿಗೆಂದು ಮಾಡಿದ ಗ್ರಾವೆಲ್ ಸೈಕಲ್ಲನ್ನೂ ಮೌಂಟನ್ ಬೈಕನ್ನೂ ಬಹುತೇಕ ಒಪ್ಪುತ್ತಾರೆ. ಹ್ಯಾಂಡಲಿನ ತುದಿಯಲ್ಲಿ ಕೊಂಬಿನಂತೆ ಚಾಚಿರುವ ಹಿಡಿಗಳನ್ನು ಮಾತ್ರ ಬಿಚ್ಚಿರಬೇಕು. ಪ್ರವೇಶಪತ್ರದ ಜೊತೆಗಿರುವ ನಿಯಮವನ್ನು ಒಮ್ಮೆ ಓದಿಕೊಂಡರೆ ಸಂಶಯ ಉಳಿಯುವುದಿಲ್ಲ. ಕಚೇರಿಯ ಸೈಕಲ್ ಟು ವರ್ಕ್ ಯೋಜನೆಯಲ್ಲಿ ತೆರಿಗೆ ಉಳಿಸಿ ಹೊಸ ಸೈಕಲ್ ಕೊಳ್ಳುವ ಆಸೆ ಸಹಜವೇ, ಆದರೆ ಮೂರು ರೇಸು ಮುಗಿಯುವ ಮುನ್ನ ನಿಮಗೆ ಬೇಕಾದ ಗೇರು ಯಾವುದು, ಚೌಕಟ್ಟಿನ ಅಳತೆ ಎಷ್ಟು ಎಂಬುದು ನಿಮಗೇ ತಿಳಿದಿರುವುದಿಲ್ಲ.

ಇರುವ ಸೈಕಲ್ಲಿನಲ್ಲಿ ನಾಲ್ಕು ಸಂಗತಿಗಳನ್ನು ನೋಡಿ. ಟಯರಿಗೂ ಚೌಕಟ್ಟಿಗೂ ನಡುವೆ ಎರಡೂ ಬದಿಯಲ್ಲಿ ಕಿರುಬೆರಳು ತೂರುವಷ್ಟು ಜಾಗವಿರಬೇಕು, ಇಲ್ಲವಾದರೆ ಕೆಸರು ತುಂಬಿ ಚಕ್ರ ನಿಂತುಹೋಗುತ್ತದೆ. ಬಾಟಲಿ ಹಿಡಿ, ಮಡ್‌ಗಾರ್ಡು, ಗಂಟೆ, ದೀಪ ಎಲ್ಲವನ್ನೂ ಬಿಚ್ಚಿಡಿ. ಸೈಕಲ್ಲನ್ನು ಹೆಗಲಿಗೇರಿಸುವಾಗ ಬಾಟಲಿ ಹಿಡಿಯೇ ಮೊದಲು ತೋಳಿಗೆ ಸಿಕ್ಕಿಕೊಳ್ಳುವುದು. ಸೀಟನ್ನು ರಸ್ತೆಯ ಅಳತೆಗಿಂತ ಅರ್ಧ ಸೆಂಟಿಮೀಟರಿನಷ್ಟು ತಗ್ಗಿಸಿ. ಬೂಟು ಕಚ್ಚುವ ಪೆಡಲ್ ಬಳಸುವುದಾದರೆ ಎರಡು ಬೋಲ್ಟಿನ ಮೌಂಟನ್ ಬೈಕ್ ಬಗೆಯದೇ ಇರಲಿ, ಏಕೆಂದರೆ ರಸ್ತೆಯ ಬೂಟಿನ ದೊಡ್ಡ ಪ್ಲಾಸ್ಟಿಕ್ ಕ್ಲೀಟು, ಅಂದರೆ ಪೆಡಲಿಗೆ ಕಚ್ಚಿಕೊಳ್ಳುವ ಅಟ್ಟೆಯಡಿಯ ತುಂಡು, ಎರಡು ಹೆಜ್ಜೆ ಕೆಸರಿನಲ್ಲಿಟ್ಟರೆ ಮತ್ತೆ ಕಚ್ಚುವುದಿಲ್ಲ. ಅಂಥದ್ದು ಇಲ್ಲದಿದ್ದರೆ ಸಾದಾ ಪೆಡಲ್ಲಿನಲ್ಲೇ ಮೊದಲ ರೇಸು ಮುಗಿಸಬಹುದು.

ಇನ್ನೊಂದು ಪರೀಕ್ಷೆ ಬ್ರೇಕಿನದು. ಭಾರತದಲ್ಲೂ ಬ್ರಿಟನ್ನಿನಲ್ಲೂ ಬಲಗೈಯದು ಮುಂದಿನ ಚಕ್ರದ ಬ್ರೇಕು. ಯೂರೋಪಿನ ಹಲವು ದೇಶಗಳಲ್ಲೂ ಅಮೆರಿಕದಲ್ಲೂ ಎಡಗೈಯದು ಮುಂದಿನದು. ಹೊರಗಿನಿಂದ ತರಿಸಿದ ಅಥವಾ ಎರಡನೆಯ ಕೈಯ ಸೈಕಲ್ಲಾದರೆ ಲಿವರು ಒತ್ತಿ ಯಾವ ಚಕ್ರ ನಿಲ್ಲುತ್ತದೆಂದು ಇವತ್ತೇ ನೋಡಿಕೊಳ್ಳಿ. ಇದು ಜೀವದ ಪ್ರಶ್ನೆಯಾಗುವುದು ಹೇಗೆಂದು ನಾಲ್ಕನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 3: ಟಯರಿನ ಗಾಳಿಯ ಹದ ಹಿಡಿಯಿರಿ

ನನ್ನ ಮೊದಲ ರೇಸಿನಲ್ಲಿ ನಾನು 50 ಪಿಎಸ್‌ಐ (ಪಿಎಸ್‌ಐ ಎಂದರೆ ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿಸಿಕೊಂಡು ಹೋಗಿದ್ದೆ. ರಸ್ತೆಯಲ್ಲಿ 90 ತುಂಬಿಸುತ್ತಿದ್ದವನಿಗೆ 50 ಎಂಬುದೇ ಬಹಳ ಮೆತ್ತಗೆ ಅನ್ನಿಸಿತ್ತು. ಒದ್ದೆ ಹುಲ್ಲಿನ ಮೊದಲ ತಿರುವಿನಲ್ಲೇ ಮುಂದಿನ ಚಕ್ರ ಸೋಪಿನ ಮೇಲಿಟ್ಟಂತೆ ಜಾರಿತು, ಹಿಂದಿದ್ದ ಇಬ್ಬರು ನನ್ನ ಮೇಲೆ ಬಿದ್ದರು. ಕಾಲಿನ ಬಲ, ಬೆಲೆಬಾಳುವ ಚಕ್ರ ಯಾವುದೂ ತಪ್ಪಾದ ಗಾಳಿಯನ್ನು ಸರಿದೂಗಿಸಲಾರದು ಎಂಬುದು ಅಂದಿಗೆ ಗೊತ್ತಾಯಿತು.

70 ಕೆ.ಜಿ. ಆಸುಪಾಸಿನ ಸವಾರರು 33 ಮಿ.ಮೀ. ಟಯರಿನಲ್ಲಿ ಒಳಗೆ ಟ್ಯೂಬಿದ್ದರೆ 32 ಪಿಎಸ್‌ಐ, ಟ್ಯೂಬ್‌ಲೆಸ್ ಆದರೆ 26 ಪಿಎಸ್‌ಐ ತುಂಬಿಸಿ ಆರಂಭಿಸಬಹುದು. ಅಗಲವಾದ ಟಯರಿಗೆ ಇದಕ್ಕಿಂತ ಕಡಿಮೆ ಸಾಕು. ಮೈತೂಕ ಹೆಚ್ಚಿದ್ದರೆ ಒಂದೆರಡು ಪಿಎಸ್‌ಐ ಹೆಚ್ಚು ಬೇಕು. ಹಿಂದಿನ ಚಕ್ರದ ಮೇಲೆ ಭಾರ ಜಾಸ್ತಿ ಬೀಳುವುದರಿಂದ ಅದಕ್ಕೆ ಮುಂದಿನದಕ್ಕಿಂತ 1 ಅಥವಾ 2 ಹೆಚ್ಚಿರಲಿ. ಆನಂತರ ಮರದ ಬೇರು ಅಥವಾ ಸಣ್ಣ ಕಲ್ಲಿರುವ ಹುಲ್ಲಿನ ತಿರುವನ್ನು ಹುಡುಕಿ, ಅದೇ ತಿರುವನ್ನು ಅದೇ ವೇಗದಲ್ಲಿ ಮತ್ತೆ ಮತ್ತೆ ತಿರುಗಿಸಿ, ಪ್ರತಿ ಮೂರು ಸಲಕ್ಕೊಮ್ಮೆ 2 ಪಿಎಸ್‌ಐ ಇಳಿಸುತ್ತ ಹೋಗಿ. ಹಿಡಿತ ಹೆಚ್ಚುತ್ತ ಬಂದು, ಒಂದು ಹಂತದಲ್ಲಿ ಬೇರಿನ ಮೇಲೆ ಹಾಯುವಾಗ ರಿಮ್ಮು ‘ಠಣ್’ ಎಂದು ನೆಲಕ್ಕೆ ತಾಗುವ ಸದ್ದು ಕೇಳುತ್ತದೆ. ಅಲ್ಲಿಂದ 2 ಪಿಎಸ್‌ಐ ಏರಿಸಿದರೆ ಅದೇ ನಿಮ್ಮ ಹದ. ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಹೆಬ್ಬೆರಳಿನಲ್ಲಿ ಒತ್ತಿ ನೋಡುವ ನಮ್ಮ ಹಳೆಯ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು. ನಿಂತು ಹೊಡೆಯುವ ಪಂಪಿನ ಮುಳ್ಳು ಕೂಡ 30ರ ಕೆಳಗೆ ನಂಬಿಕೆಗೆ ಅರ್ಹವಲ್ಲ. ಮತ್ತೊಂದು ಸೂಕ್ಷ್ಮವಿದೆ: 20 ಡಿಗ್ರಿ ಬಿಸುಪಿರುವ ಮನೆಯೊಳಗೆ 25 ಪಿಎಸ್‌ಐ ತುಂಬಿಸಿ 5 ಡಿಗ್ರಿಯ ಮೈದಾನಕ್ಕೆ ಹೋದರೆ, ಗಾಳಿ ಕುಗ್ಗಿ ಸುಮಾರು 2 ಪಿಎಸ್‌ಐ ತಾನಾಗಿಯೇ ಇಳಿದಿರುತ್ತದೆ. ಆದ್ದರಿಂದ ಕೊನೆಯ ಅಳತೆಯನ್ನು ಮೈದಾನದಲ್ಲಿ, ಸೈಕಲ್ ಅರ್ಧ ಗಂಟೆ ಹೊರಗೆ ನಿಂತ ಮೇಲೆ ತೆಗೆಯಬೇಕು.

ಅಪಾಯದ ಸೂಚನೆಗಳು ಸ್ಪಷ್ಟವಾಗಿವೆ. ಸುತ್ತಿಗೆ ಒಂದಕ್ಕಿಂತ ಹೆಚ್ಚು ಸಲ ರಿಮ್ಮು ತಾಗಿದರೆ ಗಾಳಿ ಕಡಿಮೆ. ತಿರುವಿನಲ್ಲಿ ಟಯರು ಪಕ್ಕಕ್ಕೆ ಮಡಚಿದಂತಾದರೂ, ಟ್ಯೂಬ್‌ಲೆಸ್ ಟಯರಿನ ಅಂಚಿನಿಂದ ‘ಫುಸ್’ ಎಂದು ಗಾಳಿ ಹೊರಬಿದ್ದರೂ ಕಡಿಮೆಯೇ. ಒಳ್ಳೆಯ ಹುಲ್ಲಿನ ಮೇಲೂ ಸೈಕಲ್ ಕುಣಿಯುತ್ತ ಕೈ ಜೋಮು ಹಿಡಿದರೆ ಗಾಳಿ ಹೆಚ್ಚಾಗಿದೆ.

ಹಂತ 4: ಓಡುತ್ತಲೇ ಇಳಿಯುವುದು, ಓಡುತ್ತಲೇ ಹತ್ತುವುದು

ಎಂಟು ವಾರಗಳ ಅರ್ಧ ಭಾಗವನ್ನು ಈ ಒಂದು ಹಂತಕ್ಕೆ ಮೀಸಲಿಟ್ಟರೂ ಹೆಚ್ಚಾಗದು. ಒಂದು ಸುತ್ತಿನಲ್ಲಿ ಮೂರು ಸಲ ಇಳಿದು ಹತ್ತಬೇಕಾದರೆ ಏಳು ಸುತ್ತಿಗೆ ಇಪ್ಪತ್ತೊಂದು ಸಲವಾಯಿತು. ಪ್ರತಿ ಸಲ ಐದು ಸೆಕೆಂಡು ತಡವರಿಸಿದರೂ ಒಂದೂಮುಕ್ಕಾಲು ನಿಮಿಷ ಹೋಯಿತು, ಜೊತೆಗೆ ಪ್ರತಿ ಸಲವೂ ನಿಂತಲ್ಲಿಂದ ವೇಗ ಕೂಡಿಸಿಕೊಳ್ಳುವ ದಣಿವು.

ಇಳಿಯುವ ಕಲೆ ನಮ್ಮವರಿಗೆ ಅರ್ಧ ಬಂದೇ ಇರುತ್ತದೆ. ಹಾಲಿನ ಕ್ಯಾನು ಕಟ್ಟಿಕೊಂಡು ಬರುವವನು ಮನೆ ಬಾಗಿಲಲ್ಲಿ ಸೈಕಲ್ ಇನ್ನೂ ಚಲಿಸುತ್ತಿರುವಾಗಲೇ ಬಲಗಾಲನ್ನು ಹಿಂದಿನಿಂದ ಬೀಸಿ ತೆಗೆದು, ಎಡ ಪೆಡಲಿನ ಮೇಲೆ ನಿಂತೇ ಬಂದು ಇಳಿಯುವುದನ್ನು ನೆನಪಿಸಿಕೊಳ್ಳಿ. ಸೈಕ್ಲೋಕ್ರಾಸಿನಲ್ಲಿ ಮಾಡಬೇಕಾದದ್ದೂ ಅದನ್ನೇ, ಕೊಂಚ ಬಿರುಸಾಗಿ. ಚೈನು ಬಲಗಡೆ ಇರುವುದರಿಂದ ಇಳಿಯುವುದು ಯಾವಾಗಲೂ ಎಡಗಡೆಗೆ.

ಕ್ರಮ ಹೀಗಿದೆ. ಅಡ್ಡಿ ಬರುವ ಮೊದಲೇ ವೇಗ ಇಳಿಸಿ, ಎರಡೂ ಕೈ ಬ್ರೇಕ್ ಹಿಡಿಯ ಮೇಲಿನ ರಬ್ಬರ್ ಭಾಗದ ಮೇಲಿರಲಿ. ಬಲಬೂಟನ್ನು ಪೆಡಲಿನಿಂದ ಬಿಡಿಸಿ, ಕಾಲನ್ನು ಸೀಟಿನ ಹಿಂದಿನಿಂದ ಈಚೆಗೆ ತನ್ನಿ. ಈಗ ಎಡ ಪೆಡಲು ಕೆಳಗಿದ್ದು ಇಡೀ ಮೈಭಾರ ಅದರ ಮೇಲಿದೆ. ಬಲಗೈಯನ್ನು ಹ್ಯಾಂಡಲಿನಿಂದ ತೆಗೆದು ಮೇಲಿನ ಬಾರನ್ನು, ಚಿಕ್ಕಂದಿನಲ್ಲಿ ಅಪ್ಪ ನಮ್ಮನ್ನು ಕೂರಿಸುತ್ತಿದ್ದ ಆ ಬಾರನ್ನು, ಸೀಟಿಗಿಂತ ಒಂದು ಗೇಣು ಮುಂದೆ ಹಿಡಿಯಿರಿ. ಬಲಗಾಲನ್ನು ಮುಂದಕ್ಕೆ ಚಾಚಿ ನೆಲಕ್ಕಿಡುತ್ತಲೇ ಎಡಗಾಲನ್ನು ಬಿಡಿಸಿ ಓಟಕ್ಕೆ ತೊಡಗಿ.

ಹೊಸಬರು ಇಲ್ಲಿ ಎರಡು ಬಗೆಯಲ್ಲಿ ಬೀಳುತ್ತಾರೆ. ಮೈಭಾರವೆಲ್ಲ ಎಡ ಪೆಡಲಿನ ಮೇಲಿರುವಾಗ ಆ ಬೂಟು ಬಿಡದೆ ಕಚ್ಚಿಕೊಂಡು, ಸೈಕಲ್ ಸಮೇತ ಮಗುಚುವುದು ಒಂದು. ಇದಕ್ಕೆ ಮದ್ದೆಂದರೆ, ಬಲಗಾಲು ಬೀಸುವ ಮೊದಲೇ ಎಡಬೂಟನ್ನು ಬಿಡಿಸಿ, ಪಾದದ ನಡುಭಾಗವನ್ನು ಪೆಡಲಿನ ಮೇಲೆ ಸುಮ್ಮನೆ ಊರಿಕೊಂಡು ನಿಲ್ಲುವುದು. ಎರಡನೆಯದು ಬ್ರೇಕಿನಿಂದ ಬರುವ ಅಪಾಯ. ಬಲಗೈ ಬಾರಿನ ಮೇಲೆ ಹೋದಾಗ ಕೈಗೆ ಸಿಗುವುದು ಎಡ ಬ್ರೇಕೊಂದೇ. ಅದು ಹಿಂದಿನ ಚಕ್ರದ್ದಾದರೆ ಚಿಂತೆಯಿಲ್ಲ, ಮುಂದಿನ ಚಕ್ರದ್ದಾಗಿದ್ದು ಗಾಬರಿಯಲ್ಲಿ ಬಿಗಿಹಿಡಿದರೆ ಸೈಕಲ್ ಮುಗ್ಗರಿಸಿ ನಿಮ್ಮನ್ನು ಹಲಗೆಯ ಮೇಲೆಯೇ ಎಸೆಯುತ್ತದೆ. ಅಮೆರಿಕದಲ್ಲಿರುವ ಓದುಗರು ಇದನ್ನು ಎರಡು ಸಲ ಓದಿಕೊಳ್ಳಲಿ.

ಹತ್ತುವ ವಿಷಯಕ್ಕೆ ಬಂದರೆ ಊರಿನ ಅಭ್ಯಾಸವೇ ಶತ್ರು. ಎಡಗಾಲನ್ನು ಪೆಡಲಿನ ಮೇಲಿಟ್ಟು, ಒಂದೆರಡು ಸಲ ಕುಪ್ಪಳಿಸಿ, ಆಮೇಲೆ ಬಲಗಾಲನ್ನು ಬೀಸಿ ಹತ್ತುವುದು ನಮ್ಮ ಮೈಗೆ ಅಂಟಿದ ಕ್ರಮ. ಕೆಸರಿನಲ್ಲಿ ಅದು ನಡೆಯುವುದಿಲ್ಲ. ಪೆಡಲ್ ಒತ್ತಿದ ಕ್ಷಣ ಸೈಕಲ್ ಪಕ್ಕಕ್ಕೆ ವಾಲುತ್ತದೆ. ಇಲ್ಲಿ ಎರಡೂ ಕೈ ಹ್ಯಾಂಡಲಿನ ಮೇಲಿಟ್ಟು ಓಡುತ್ತ, ಎಡಗಾಲಿನಿಂದ ನೆಲವನ್ನು ಒದ್ದು, ಬಲಮೊಣಕಾಲನ್ನು ಮಡಚಿ ಸೀಟಿನ ಮೇಲಿನಿಂದ ಹಾಯಿಸಿ, ಬಲತೊಡೆಯ ಒಳಭಾಗ ಸೀಟಿಗೆ ತಾಗುವಂತೆ ಇಳಿದು, ಅಲ್ಲಿಂದ ಜಾರಿ ಸರಿಯಾಗಿ ಕೂರಬೇಕು. ನೆಗೆತ ಮೇಲಕ್ಕಲ್ಲ, ಮುಂದಕ್ಕೆ. ನೇರವಾಗಿ ಸೀಟಿನ ಮೇಲೆ ದೊಪ್ಪನೆ ಬೀಳುವ ಗಂಡಸರಿಗೆ ಅದರ ಫಲವನ್ನು ವಿವರಿಸಬೇಕಾಗಿಲ್ಲ.

ಇಳಿಯುವಾಗ ಎಡ ಪೆಡಲು ಕೆಳಗಿದ್ದುದರಿಂದ ಬಲ ಪೆಡಲು ಮೇಲಿರುತ್ತದೆ. ನಡುವೆ ಅದನ್ನು ಕಾಲಿಗೆ ತಾಗಿಸದೆ ಕಾಪಾಡಿಕೊಂಡರೆ, ಹತ್ತಿದೊಡನೆ ಬಲಪಾದಕ್ಕೆ ಅದು ತುಳಿಯಲು ಸಿದ್ಧವಾಗಿಯೇ ಸಿಗುತ್ತದೆ.

ಅಭ್ಯಾಸ ಮೆತ್ತನೆಯ ಹುಲ್ಲಿನ ಮೇಲೆ ನಡೆಯಲಿ. ಮೊದಲ ವಾರ ನಡಿಗೆಯ ವೇಗದಲ್ಲಿ ಇಳಿಯುವುದನ್ನಷ್ಟೇ ದಿನಕ್ಕೆ ಇಪ್ಪತ್ತು ಸಲ ಮಾಡಿ, ಎರಡನೆಯ ವಾರ ಹತ್ತುವುದನ್ನು ಸೇರಿಸಿ, ಮೂರನೆಯ ವಾರದಿಂದ ವೇಗ ಹೆಚ್ಚಿಸಿ. ನೆಗೆಯುವ ಮುನ್ನ ಎಡಗಾಲು ಒಂದು ಹೆಚ್ಚುವರಿ ಚಿಕ್ಕ ಕುಪ್ಪಳಿಕೆ ಹಾಕುತ್ತಿದ್ದರೆ ಮನಸ್ಸಿನಲ್ಲಿ ಇನ್ನೂ ಹೆದರಿಕೆಯಿದೆ ಎಂದರ್ಥ. ವೇಗ ತಗ್ಗಿಸಿ ಮತ್ತೆ ಮೊದಲಿನಿಂದ ಮಾಡಿ, ಏಕೆಂದರೆ ಒಮ್ಮೆ ರೂಢಿಯಾದ ಆ ಕುಪ್ಪಳಿಕೆ ವರ್ಷಗಳವರೆಗೆ ಬಿಡುವುದಿಲ್ಲ.

ಹಂತ 5: ಎತ್ತುವುದು, ಹೊರುವುದು

ಹಲಗೆಗಳ ಎತ್ತರ ನಿಯಮದ ಪ್ರಕಾರ 40 ಸೆಂ.ಮೀ. ಮೀರುವುದಿಲ್ಲ, ಮತ್ತು ಅವು ಜೋಡಿಯಾಗಿ 4 ಮೀಟರ್ ಅಂತರದಲ್ಲಿ ನಿಂತಿರುತ್ತವೆ. ಮನೆಯ ಹಿತ್ತಿಲಲ್ಲಿ ಇಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಪೈಪು ಅಡ್ಡಲಾಗಿಟ್ಟು, ಮೊದಲು 20 ಸೆಂ.ಮೀ., ಆಮೇಲೆ 40 ಸೆಂ.ಮೀ. ಎತ್ತರದಲ್ಲಿ ಅಭ್ಯಾಸ ಮಾಡಬಹುದು. ಬಾರು ಹಿಡಿದ ಬಲಗೈಯಿಂದ ಸೈಕಲ್ಲನ್ನು ಸೂಟ್‌ಕೇಸಿನಂತೆ ಎತ್ತಿ, ಎಡಗೈಯಿಂದ ಹ್ಯಾಂಡಲನ್ನು ನೇರವಾಗಿಟ್ಟುಕೊಂಡು ದಾಟಿ. ಎತ್ತುವುದನ್ನು ಹಲಗೆಗಿಂತ ಒಂದು ಹೆಜ್ಜೆ ಮೊದಲೇ ಆರಂಭಿಸಬೇಕು. ಹಲಗೆ ಕಂಡ ಮೇಲೆ ಎತ್ತಿದರೆ ಹಿಂದಿನ ಚಕ್ರ ಖಂಡಿತ ಬಡಿಯುತ್ತದೆ.

ಕಡಿದಾದ ಉದ್ದನೆಯ ಏರಿನಲ್ಲಿ ಹೆಗಲಿಗೇರಿಸುವುದು ಒಳ್ಳೆಯದು. ಬಲಗೈಯಿಂದ ಕೆಳಗಿನ ಓರೆ ದಂಡವನ್ನು ಹಿಡಿದೆತ್ತಿ, ಮೇಲಿನ ಬಾರನ್ನು ಬಲಹೆಗಲ ಮೇಲೆ ಕೂರಿಸಿ, ಅದೇ ತೋಳನ್ನು ಮುಂಭಾಗದ ಕೆಳಗಿನಿಂದ ಹಾಯಿಸಿ ಹ್ಯಾಂಡಲಿನ ಎಡಗಡೆಯ ಬಾಗಿದ ಹಿಡಿಯನ್ನು ಹಿಡಿಯಿರಿ. ಆಗ ಎಡಗೈ ಓಟಕ್ಕೆ ಬೀಸಲು ಬಿಡುವಾಗಿರುತ್ತದೆ. ಚೌಕಟ್ಟು ಚಿಕ್ಕದಿದ್ದು ತೋಳು ತೂರದಿದ್ದರೆ ಹಟ ಹಿಡಿಯದೆ ತಳ್ಳಿಕೊಂಡೇ ಹತ್ತಿ. ಹೆಜ್ಜೆಗಳು ಚಿಕ್ಕವಾಗಿರಲಿ, ಬೇಗ ಬೇಗ ಬೀಳಲಿ.

ಹಂತ 6: ತಿರುವು, ಓರೆ ಇಳಿಜಾರು, ಕೆಸರು, ಮರಳು

ತಿರುವಿನ ಬ್ರೇಕು ತಿರುವಿಗೆ ಮುನ್ನ, ಸೈಕಲ್ ನೆಟ್ಟಗಿರುವಾಗಲೇ ಹಾಕಿ ಮುಗಿಸಬೇಕು. ವಾಲಿದ ಮೇಲೆ ಬ್ರೇಕು ಮುಟ್ಟಿದರೆ ಹುಲ್ಲು ಕೈಬಿಡುತ್ತದೆ. ಹೊರಗಡೆಯ ಪೆಡಲು ಕೆಳಗಿರಲಿ, ಕಣ್ಣು ತಿರುವಿನ ಕೊನೆಯ ಕಡೆಗಿರಲಿ. ಕಂಬವನ್ನೇ ನೋಡುತ್ತಿದ್ದರೆ ಸೈಕಲ್ ಕಂಬಕ್ಕೇ ಹೋಗುತ್ತದೆ.

ದಿಬ್ಬದ ಮೈಯ ಮೇಲೆ ಅಡ್ಡಲಾಗಿ ಸಾಗುವ ಹಾದಿಯಲ್ಲಿಯೇ ಹೊಸಬರು ಹೆಚ್ಚು ಬೀಳುವುದು. ಭಯದಿಂದ ಮೈಯನ್ನು ದಿಬ್ಬದ ಕಡೆಗೆ ವಾಲಿಸುವುದು ಅದಕ್ಕೆ ಕಾರಣ. ಹಾಗೆ ಮಾಡಿದಾಗ ಟಯರು ಕೆಳಕ್ಕೆ ಜಾರುತ್ತದೆ. ತಗ್ಗಿನ ಕಡೆಯ ಪೆಡಲನ್ನು ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ ನಿಲ್ಲಬೇಕು, ದಿಬ್ಬದ ಕಡೆಯ ಪೆಡಲು ಮೇಲಿರಬೇಕು. ಇದರಿಂದ ಪೆಡಲು ನೆಲಕ್ಕೆ ತಾಗುವುದಿಲ್ಲ, ಟಯರು ಮಣ್ಣಿಗೆ ಒತ್ತಿಕೊಳ್ಳುತ್ತದೆ. ಬಹಳ ಜಾರುತ್ತಿದ್ದರೆ ದಿಬ್ಬದ ಕಡೆಯ ಕಾಲನ್ನು ಬಿಡಿಸಿ ಊರುಗೋಲಿನಂತೆ ಬಳಸಬಹುದು.

ಕೆಸರಿನಲ್ಲಿ ಎಲ್ಲರೂ ತುಳಿದ ನಡುಹಾದಿಗಿಂತ ಪಟ್ಟಿಯ ಪಕ್ಕದ ತುಳಿಯದ ಹುಲ್ಲು ಬಹಳ ಸಲ ವೇಗವಾಗಿರುತ್ತದೆ. ಚಕ್ರದ ಜಾಡಿಗೆ ಇಳಿದರೆ ಅದರಲ್ಲೇ ಸಾಗಿ, ನಡುವೆ ಹೊರಬರಲು ತಿಣುಕಬೇಡಿ. ಮರಳಿಗೆ ವೇಗವಾಗಿ ನುಗ್ಗಿ, ಭಾರವಾದ ಗೇರಿನಲ್ಲಿ ಬಿಡದೆ ತುಳಿಯುತ್ತ, ಮೈಯನ್ನು ಕೊಂಚ ಹಿಂದಕ್ಕಿಟ್ಟು, ಹ್ಯಾಂಡಲನ್ನು ಸಡಿಲವಾಗಿ ಹಿಡಿದುಕೊಳ್ಳಿ. ಓಡುವವರಷ್ಟೇ ವೇಗದಲ್ಲಿ ಸೈಕಲ್ ಸಾಗುತ್ತಿದ್ದರೆ ಇಳಿದು ಓಡುವುದೇ ಲೇಸು.

ಹಂತ 7: ದಮ್ಮು ಕಟ್ಟುವುದು

ಇದನ್ನು ಬೇಕೆಂದೇ ಇಷ್ಟು ತಡವಾಗಿ ಇಟ್ಟಿದ್ದೇನೆ. ವಾರಕ್ಕೆ ಎರಡು ಸಲ ಸಾಕು. ಒಂದು ದಿನ 30 ಸೆಕೆಂಡು ಉಸಿರು ಕಟ್ಟುವಂತೆ, 30 ಸೆಕೆಂಡು ನಿಧಾನವಾಗಿ, ಹೀಗೆ ಎಂಟು ಸಲ ತುಳಿದು, ಐದು ನಿಮಿಷ ಸುಧಾರಿಸಿಕೊಂಡು ಮತ್ತೊಮ್ಮೆ ಮಾಡಿ. ಇನ್ನೊಂದು ದಿನ ಸೈಕಲ್ ಹೊತ್ತು ಸಣ್ಣ ದಿಬ್ಬವನ್ನು ಆರು ಸಲ ಓಡಿ ಹತ್ತಿ. ಓಟದ ರೂಢಿಯಿಲ್ಲದ ಸೈಕಲ್ ಸವಾರರಿಗೆ ಮೀನಖಂಡ ಮತ್ತು ಹಿಮ್ಮಡಿಯ ನರ ಬೇಗ ನೋಯುತ್ತವೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಯ ಮೇಲ್ಭಾಗ ಚುಚ್ಚಿದರೆ ಆ ವಾರದ ಓಟವನ್ನು ನಿಲ್ಲಿಸಿಬಿಡಿ.

ಹಂತ 8: ರೇಸಿನ ದಿನ, ಆರಂಭಕ್ಕೆ ಮುನ್ನ

ಎರಡು ಗಂಟೆ ಮೊದಲೇ ಮೈದಾನ ತಲುಪಿ. ಊಟ ಮೂರು ಗಂಟೆ ಹಿಂದೆಯೇ ಮುಗಿದಿರಲಿ. ನನಗೆ ಒಗ್ಗಿರುವುದು ಮೊಸರು ಹಾಕದ ಅವಲಕ್ಕಿ ಮತ್ತು ಬಾಳೆಹಣ್ಣು. ಮೊದಲು ಸಹಿ ಹಾಕಿ ನಂಬರು ಪಡೆದು, ಯಾವ ಕಡೆ ಚುಚ್ಚಬೇಕೆಂದು ಕೇಳಿ, ಗಾಳಿಗೆ ಪಟಪಟಿಸದಂತೆ ನಾಲ್ಕೂ ಮೂಲೆಗೆ ಪಿನ್ನು ಹಾಕಿ. ಸಮಯ ದಾಖಲಿಸಲು ಕಾಲಿಗೆ ಕಟ್ಟುವ ಎಲೆಕ್ಟ್ರಾನಿಕ್ ಚಿಪ್ ಕೊಟ್ಟಿದ್ದರೆ ಅದನ್ನು ಆಗಲೇ ಕಟ್ಟಿಕೊಳ್ಳಿ, ಕಾರಿನಲ್ಲಿ ಮರೆತು ಹೋದವರಿದ್ದಾರೆ.

ಹಾದಿಯನ್ನು ನೋಡಲು ರೇಸುಗಳ ನಡುವೆ ನಿಗದಿತ ಸಮಯವಿರುತ್ತದೆ. ಬೇರೆಯವರ ರೇಸು ನಡೆಯುತ್ತಿರುವಾಗ ಹಾದಿಗೆ ಇಳಿಯಲೇಬಾರದು. ಮೊದಲ ಸುತ್ತನ್ನು ನಿಧಾನವಾಗಿ ಸುತ್ತಿ, ಕಷ್ಟವಾದಲ್ಲಿ ನಿಂತು ನೋಡಿ, ಎಲ್ಲಿ ಇಳಿಯಬೇಕೆಂದು ಒಂದು ಕಂಬವನ್ನೋ ಮರವನ್ನೋ ಗುರುತಿಟ್ಟುಕೊಳ್ಳಿ. ಎರಡನೆಯ ಸುತ್ತಿನಲ್ಲಿ ಆ ಜಾಗಗಳನ್ನು ಮಾತ್ರ ರೇಸಿನ ವೇಗದಲ್ಲಿ ಹಾಯಿರಿ. ಆನಂತರ ಗಾಳಿಯನ್ನು ಕೊನೆಯ ಸಲ ಅಳೆದು, ಇಪ್ಪತ್ತು ನಿಮಿಷ ಮೈ ಬೆಚ್ಚಗೆ ಮಾಡಿಕೊಂಡು, ಸಾಲಿಗೆ ಕರೆಯುವವರೆಗೂ ಜಾಕೆಟ್ ತೊಟ್ಟೇ ಇರಿ.

ಹಂತ 9: ರೇಸಿನೊಳಗೆ

ಹೊಸಬರ ಜಾಗ ಕೊನೆಯ ಸಾಲು, ಅದರಲ್ಲಿ ಅವಮಾನವೇನೂ ಇಲ್ಲ. ಮಧ್ಯಮ ಗೇರು ಹಾಕಿ, ಒಂದು ಕಾಲು ಪೆಡಲಿನಲ್ಲಿಟ್ಟು ಕಾಯಿರಿ. ಸೀಟಿ ಊದಿದೊಡನೆ ಎಲ್ಲರೂ ಹುಚ್ಚು ಹಿಡಿದವರಂತೆ ನುಗ್ಗುತ್ತಾರೆ, ಮತ್ತು ಮೊದಲ ತಿರುವಿನಲ್ಲಿ ಎಲ್ಲರೂ ನಿಂತುಬಿಡುತ್ತಾರೆ. ಆದ್ದರಿಂದ ಬ್ರೇಕಿನ ಮೇಲೆ ಎರಡು ಬೆರಳಿರಲಿ. ಮೊದಲ ಎರಡು ಸುತ್ತಿನಲ್ಲಿ ಬಾಯಿ ಒಣಗಿ ಕಣ್ಣು ಮಂಜಾಗುವಷ್ಟು ತುಳಿದವರೇ ಮೂರನೆಯದರಲ್ಲಿ ಹೊರಬರುವುದು. ಎರಡು ಮಾತು ಆಡಬಹುದಾದಷ್ಟು ಉಸಿರು ಉಳಿಸಿಕೊಂಡರೆ ಆಮೇಲೆ ಒಬ್ಬೊಬ್ಬರಾಗಿ ಸಿಗುತ್ತ ಹೋಗುತ್ತಾರೆ.

ಮುಂದಿನವರು ನಿಮ್ಮನ್ನು ಒಂದು ಸುತ್ತು ಹಿಂದಿಕ್ಕಲು ಬಂದಾಗ ಯಾವ ಕಡೆಯಿಂದ ಹಾಯುತ್ತೇವೆಂದು ಕೂಗುತ್ತಾರೆ. ದಾರಿ ಬಿಡುವ ಸೌಜನ್ಯದಲ್ಲಿ ತಟಕ್ಕನೆ ಪಕ್ಕಕ್ಕೆ ಹಾರುವುದೇ ಅಪಘಾತಕ್ಕೆ ಕಾರಣ. ನಿಮ್ಮ ಗೆರೆಯಲ್ಲೇ ನೇರವಾಗಿ ಸಾಗಿದರೆ ಅವರು ದಾರಿ ಮಾಡಿಕೊಳ್ಳುತ್ತಾರೆ. ಉಳಿದ ಸುತ್ತುಗಳ ಸಂಖ್ಯೆಯನ್ನು ಗೆರೆಯ ಬಳಿಯ ಫಲಕ ತೋರಿಸುತ್ತದೆ, ಆದರೆ ಅದು ಮೊದಲಿಗನ ಲೆಕ್ಕ. ಕೊನೆಯ ಸುತ್ತಿನ ಗಂಟೆ ಬಾರಿಸಿದ ಮೇಲೆ ಮೊದಲಿಗ ನಿಮ್ಮನ್ನು ದಾಟಿ ಹೋಗಿ ರೇಸು ಮುಗಿಸಿದರೆ, ನೀವು ಗೆರೆ ತಲುಪಿದಾಗ ನಿಮ್ಮ ರೇಸೂ ಮುಗಿಯಿತು. ಬಾಕಿ ಸುತ್ತುಗಳನ್ನು ಪೂರೈಸಬೇಕಾಗಿಲ್ಲ.

ಪಂಕ್ಚರಾದರೆ ಹಾದಿಯ ಪಕ್ಕದಲ್ಲಿ ಗುರುತಿಸಿದ ಪಿಟ್ ಎಂಬ ಜಾಗದಲ್ಲಿ ಮಾತ್ರ ಚಕ್ರ ಅಥವಾ ಸೈಕಲ್ ಬದಲಿಸಬಹುದು. ಅದನ್ನು ದಾಟಿಬಿಟ್ಟಿದ್ದರೆ ಹಿಂದಕ್ಕೆ ಬರುವಂತಿಲ್ಲ, ಮುಂದಿನ ಸಲ ಅದು ಬರುವವರೆಗೆ ಓಡಬೇಕು.

ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡರೂ ಮುಂದುವರಿಯಬೇಡಿ. ಬಿದ್ದಾಗ ತಲೆಗೆ ಪೆಟ್ಟಾಗಿದ್ದರೆ, ನೋವಿಲ್ಲದಿದ್ದರೂ, ಅಲ್ಲಿಗೆ ನಿಲ್ಲಿಸಿ. ಬ್ರೇಕ್ ಲಿವರು ಹ್ಯಾಂಡಲಿಗೆ ತಾಗುವಷ್ಟು ಒಳಗೆ ಹೋದರೆ ಪ್ಯಾಡು ಸವೆದಿದೆ. ಮರಳು ಬೆರೆತ ಕೆಸರಿನಲ್ಲಿ ಒಂದೇ ರೇಸಿಗೆ ಅದು ಮುಗಿದುಹೋಗುವುದುಂಟು. ಹಿಂದಿನ ಗೇರಿನಿಂದ ಕರಕರ ಸದ್ದು ಬಂದು ಪೆಡಲು ಇದ್ದಕ್ಕಿದ್ದಂತೆ ಭಾರವಾದರೆ ಹುಲ್ಲು ಸುತ್ತಿಕೊಂಡಿದೆ ಎಂದು ತಿಳಿಯಿರಿ. ಆಗ ಬಲವಾಗಿ ಒಂದು ಸಲ ತುಳಿದರೂ ಹ್ಯಾಂಗರ್ ಮುರಿದು, ಗೇರು ಯಂತ್ರ ಚಕ್ರದ ಕಡ್ಡಿಗಳೊಳಗೆ ಸೇರುತ್ತದೆ. ಇಳಿದು ಬೆರಳಿನಿಂದ ಹುಲ್ಲು ಕಿತ್ತರೆ ಇಪ್ಪತ್ತು ಸೆಕೆಂಡು ಹೋಗುತ್ತದೆ. ತುಳಿದರೆ ಋತುವೇ ಹೋಗಬಹುದು. ಪಾಪ, ಜೊತೆಗೆ ಬಂದಿದ್ದ ಗೆಳೆಯರೊಬ್ಬರ ಹೊಸ ಸೈಕಲ್ಲಿಗೆ ಮೂರನೆಯ ಸುತ್ತಿನಲ್ಲೇ ಹೀಗಾಗಿ, ಅದಕ್ಕೆ ಹೊಂದುವ ಹ್ಯಾಂಗರ್ ಬರಲು ಐದು ವಾರ ಹಿಡಿಯಿತು.

ಹಂತ 10: ಮುಗಿದ ಒಂದು ಗಂಟೆಯೊಳಗೆ

ಮೊದಲು ಒಣಬಟ್ಟೆ, ಆಮೇಲೆ ಮಾತು. ದನ, ಕುರಿ ಮೇಯ್ದ ನೆಲದ ಕೆಸರು ಬಾಯಿಗೆ ಹೋದರೆ ಹೊಟ್ಟೆ ಕೆಡುತ್ತದೆ, ಆದ್ದರಿಂದ ತಿಂಡಿ ಮುಟ್ಟುವ ಮುನ್ನ ಬಾಯಿ ಮುಕ್ಕಳಿಸಿ, ಸೋಪು ಹಾಕಿ ಕೈ ತೊಳೆಯಿರಿ; ಹೊರಗೆ ಬಿದ್ದಿದ್ದ ಬಾಟಲಿಯ ಮೂತಿಯನ್ನೂ ತೊಳೆಯಿರಿ.

ಸೈಕಲ್ಲಿನ ಕೆಸರು ಒಣಗುವ ಮೊದಲೇ ಬಕೆಟ್ ನೀರು ಮತ್ತು ಬ್ರಷ್ಷಿನಿಂದ ಬಿಡಿಸಬೇಕು. ರಭಸದ ನೀರಿನ ಪಂಪು ಬಳಸುವುದಾದರೆ ಚಕ್ರದ ನಡುಗುಂಭ, ಪೆಡಲಿನ ಅಚ್ಚು, ಹ್ಯಾಂಡಲಿನ ಕುತ್ತಿಗೆ ಇವುಗಳಿಗೆ ನೇರವಾಗಿ ಹಿಡಿಯಬೇಡಿ. ಒಳಗಿನ ಗ್ರೀಸು ಕೊಚ್ಚಿಹೋಗಿ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಚೈನನ್ನು ಒರೆಸಿ ಒಣಗಿಸಿ ಎಣ್ಣೆ ಬಿಡಿ, ಬ್ರೇಕ್ ಪ್ಯಾಡಿನ ದಪ್ಪ 1 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಬದಲಿಸಿ, ಹ್ಯಾಂಗರ್ ಒಳಕ್ಕೆ ಬಾಗಿದೆಯೇ ಎಂದು ಹಿಂದಿನಿಂದ ಕಣ್ಣಳತೆಯಲ್ಲಿ ನೋಡಿ. ಬೂಟಿನ ಒಳಗಿನ ಅಟ್ಟೆ ತೆಗೆದು, ಹಳೆಯ ಪತ್ರಿಕೆಯ ಹಾಳೆಗಳನ್ನು ಮುದುರಿ ತುಂಬಿ, ಎರಡು ಗಂಟೆಗೊಮ್ಮೆ ಹಾಳೆ ಬದಲಿಸಿದರೆ ಮಂಗಳವಾರದ ಅಭ್ಯಾಸದ ಹೊತ್ತಿಗೆ ಅವು ಒಣಗಿರುತ್ತವೆ. ಹೀಟರಿನ ಮೇಲಿಟ್ಟರೆ ಅಂಟು ಬಿಟ್ಟುಕೊಳ್ಳುತ್ತದೆ.